ಹತ್ತೊಂಬತ್ತು ಅಂದರೆ ನಿಲ್ಲು

ಖಾನಾಪುರದ ಪಂಪ್‌ಹೌಸ್‌ನವರು ಮಳೆಗಾಲದಲ್ಲಿ ಕರೆಂಟು ಹೋಗುವುದನ್ನೇ ಕಾಯುತ್ತಿದ್ದರು ಎಂದರೆ ಬೆಳಗಾವಿಯ ನನ್ನ ಆಫೀಸಿನಲ್ಲಿ ಯಾರೂ ನಂಬುತ್ತಿರಲಿಲ್ಲ. ನಾನೇನೂ ಬುರುಡೆ ಬಿಡುತ್ತಿರಲಿಲ್ಲ. ನನ್ನ ಅಣ್ಣ ಅಲ್ಲಿ ಆಪರೇಟರ್ ಆಗಿದ್ದ. ಮಲಪ್ರಭಾ ಹೊಳೆಯ ನೀರು ಕಲ್ಲಿನಿಂದ ಕಟ್ಟಿದ, ಮೇಲೆ ಮುಚ್ಚಿಗೆ ಇದ್ದ ಕಾಲುವೆಯಲ್ಲಿ ಹಾದು ಬಾವಿಗೆ ಬೀಳುತ್ತಿತ್ತು. ಬಾವಿಯಿಂದ ಪಂಪು ಅದನ್ನು ಊರಿಗೆ ಎತ್ತುತ್ತಿತ್ತು. ಹೊಳೆಯ ಕಡೆಗಿದ್ದ ಕಾಲುವೆಯ ಬಾಯಿಗೆ ಕಬ್ಬಿಣದ ಜಾಳಿಗೆ. ಮೊದಲ ದೊಡ್ಡ ಮಳೆ ಬಿತ್ತೆಂದರೆ ಹೊಳೆ ಹುಟ್ಟುವ ಕಣಕುಂಬಿ ಕಾಡಿನ ಎಲೆ, ಟೊಂಗೆ, ಬಿದಿರಿನ ಬೇರು, ಒಮ್ಮೊಮ್ಮೆ ಸತ್ತ ಆಡು, ಎಲ್ಲವೂ ಬಂದು ಆ ಜಾಳಿಗೆಗೆ ಮೆತ್ತಿಕೊಳ್ಳುತ್ತಿದ್ದವು. ಅದನ್ನು ಕಿತ್ತು ತೆಗೆಯಲು ಪಂಪು ನಿಂತಿರಬೇಕು. ಪಂಪು ನಡೆಯುವಾಗ ಇಳಿದರೆ ನೀರಿನ ಸೆಳೆತ ಮನುಷ್ಯನನ್ನು ಮೇಲೇಳಗೊಡುವುದಿಲ್ಲ. ಕಸ ತೆಗೆಯಲೆಂದು ಪಂಪು ನಿಲ್ಲಿಸಲು ಮೇಲಿನವರು ಒಪ್ಪುತ್ತಿರಲಿಲ್ಲ. ಹಾಗಾಗಿ ಕರೆಂಟು ಹೋದ ಕೂಡಲೇ ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಾವಿಯ ಕಬ್ಬಿಣದ ಏಣಿ ಇಳಿದು, ಆ ಕತ್ತಲ ಕಾಲುವೆಯೊಳಗೆ ಹೋಗುತ್ತಿದ್ದ. ಹಗ್ಗದ ಇನ್ನೊಂದು ತುದಿ ಮೇಲೆ ನಿಂತ ಜೊತೆಗಾರನ ಕೈಯಲ್ಲಿರುತ್ತಿತ್ತು.

ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅಣ್ಣ. ಅವನ ಮನೆಯಲ್ಲೇ ಇದ್ದು ನಾನು ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ಬರುತ್ತಿದ್ದೆ. ಮಳೆ ಜೋರಾದರೆ ವೈನಿ, ಅಂದರೆ ಅಣ್ಣನ ಹೆಂಡತಿ, ಮನೆಯ ಬಲ್ಬನ್ನು ನೋಡುತ್ತ ಕೂರುತ್ತಿದ್ದಳು. ಬಲ್ಬು ಆರಿತೆಂದರೆ ಗಂಡ ಕೆಳಗಿಳಿದ ಎಂದು ಅವಳಿಗೆ ಗೊತ್ತು. ಒಲೆಯ ಮೇಲಿನ ಪಲ್ಯ ಸೀದುಹೋಗುತ್ತಿತ್ತು, ನಾವಿಬ್ಬರೂ ಅದನ್ನೇ ತಿನ್ನುತ್ತಿದ್ದೆವು.

ನಮಗೆ ಧೈರ್ಯ ಕೊಡುತ್ತಿದ್ದದ್ದು ಪಂಪ್‌ಹೌಸ್‌ನ ಕಂಪ್ಯೂಟರು. ಕಣಕುಂಬಿ ಕಡೆಯ ಒಂದು ಸೇತುವೆಯ ಕೆಳಗೆ ನೀರು ಅಳೆಯುವ ಸಾಧನ ಕೂರಿಸಿದ್ದರು. ಅದು ವೈರ್‌ಲೆಸ್ ಮೂಲಕ ಹೊಳೆಯ ಮಟ್ಟ ಹೇಳುತ್ತಿತ್ತು, ಕಂಪ್ಯೂಟರಿನ ಪ್ರೋಗ್ರಾಮು ಅದನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಗೋಡೆಯ ಮೇಲೊಂದು ದೀಪ. ಹಸಿರಿದ್ದರೆ ಇಳಿಯಬಹುದು. ಮೇಲೆ ನೀರು ಏರಿದರೆ ದೀಪ ಕೆಂಪಾಗುತ್ತಿತ್ತು, ಸೈರನ್ನಿನ ಭೋಂಗಾ ಕೂಗುತ್ತಿತ್ತು. ಮೇಲಿನ ನೀರು ಖಾನಾಪುರ ಮುಟ್ಟುವಷ್ಟರಲ್ಲಿ ಅಣ್ಣ ಹೊರಗೆ ಬಂದು ಮೈ ಒರೆಸಿಕೊಳ್ಳಬಹುದಿತ್ತು.

ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆಂದು ಎದ್ದಿದ್ದ ಎರಡು ಸಾವಿರ ಇಸವಿಯ ಗದ್ದಲ ಮುಗಿದ ಹೊಸತು. ಹಳೆಯ ಯುನಿಕ್ಸ್ ಯಂತ್ರಗಳನ್ನು ತೆಗೆದು ಲಿನಕ್ಸ್ ಹಾಕಿದ ಹೊಸ ಯಂತ್ರ ಕೂರಿಸುವ ಕೆಲಸ ಎಲ್ಲೆಡೆ ನಡೆದಿತ್ತು. ಪಂಪ್‌ಹೌಸ್‌ನ ಕೆಲಸ ನಮ್ಮ ಆಫೀಸಿಗೇ ಬಂತು. ಆಫೀಸೆಂದರೆ ಶಹಾಪುರದಲ್ಲಿ ಪವರ್‌ಲೂಮುಗಳ ಮೇಲಿನ ಮಹಡಿಯ ಎರಡು ಕೋಣೆ. ಕೆಳಗೆ ಮಗ್ಗ ನಡೆದರೆ ನಮ್ಮ ಮೇಜಿನ ಮೇಲಿನ ಚಹಾ ನಡುಗುತ್ತಿತ್ತು. ಪ್ರೋಗ್ರಾಮು ಬರೆದವನು ಎಂದೋ ಕೆಲಸ ಬಿಟ್ಟು ಹೋಗಿದ್ದ. ಅವನ ಬರಹವನ್ನು ಹೊಸ ಯಂತ್ರದಲ್ಲಿ ಹಾಕಿ ಕಂಪೈಲ್ ಮಾಡಿದೆವು, ಅಂದರೆ ಆ ಯಂತ್ರದ ಭಾಷೆಗೆ ತಿರುಗಿಸಿದೆವು. ಒಂದೂ ತಪ್ಪು ತೋರಿಸಲಿಲ್ಲ. ನಮ್ಮ ಸರ್ ಅಂದೇ ಕುಂದಾ ತರಿಸಿದರು. ಸಿಹಿ ತರಿಸುವ ವಿಷಯದಲ್ಲಿ ಅವರಿಗಿದ್ದ ಅವಸರ ಪರೀಕ್ಷೆ ಮಾಡುವುದರಲ್ಲಿ ಇರಲಿಲ್ಲ. ಕರೆಂಟು ಹೋದರೆ ಏನಾಗುತ್ತದೆ ಎಂದು ನೋಡಲು ಬೇಕಾದ ಬ್ಯಾಟರಿ ಡಬ್ಬಿ ಖಾನಾಪುರದಲ್ಲಿತ್ತು. ಕರೆಂಟು ಹೋದಾಗ ಯಂತ್ರವನ್ನೂ ದೀಪವನ್ನೂ ನಡೆಸುವುದು, ಕರೆಂಟು ಹೋಯಿತೆಂದು ಪ್ರೋಗ್ರಾಮಿಗೆ ತಿಳಿಸುವುದು ಆ ಡಬ್ಬಿಯೇ. "ಅದೇನ ಬದಲಾಗಿಲ್ಲಲ್ಲಾ? ಮೊದಲ ಹೆಂಗಿತ್ತೋ ಹಂಗ ನಡೀತೈತಿ," ಎಂದರು ಸರ್. ಹೊಸ ಯಂತ್ರ ಖಾನಾಪುರಕ್ಕೆ ಹೋಯಿತು. ಹಳೆಯದು ನಮ್ಮ ಆಫೀಸಿನ ಮೂಲೆಗೆ ಬಂತು.

ಮಳೆ ಆಗಷ್ಟೇ ಹಿಡಿದಿತ್ತು, ಹೊಸ ಯಂತ್ರ ಬಂದ ಮೇಲೆ ಕರೆಂಟು ಇನ್ನೂ ಒಮ್ಮೆಯೂ ಹೋಗಿರಲಿಲ್ಲ. ಅಣ್ಣ ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ತಡೆದ.

"ತಂಗಿ, ನಿಮ್ಮ ಹೊಸಾ ಡಬ್ಬಿ ಏನು ನಾಜೂಕ ಐತಲಾ! ರಿಪೋರ್ಟಿನ ಗುಂಡಿ ಒತ್ತಿದ್ರ ಪ್ರೋಗ್ರಾಮ ಸತ್ತು ಬೀಳತೈತಿ. ಮತ್ತ ಚಾಲೂ ಮಾಡಬೇಕು. ಹಳೇದು ಹಿಂಗ ಮಾಡತಿದ್ದಿಲ್ಲ."

"ಹಳೇದಕ್ಕ ನಿನ್ನ ಬೆರಳಿನ ರೂಢಿ ಇತ್ತು," ಎಂದು ಛೇಡಿಸಿ ಹೋದೆ. ಆದರೆ ಆಫೀಸಿಗೆ ಹೋದವಳೇ ಆ ಗುಂಡಿಯ ಬೆನ್ನು ಹತ್ತಿದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಯಂತ್ರದೊಳಗೆ ಒಂದು ಪ್ರೋಗ್ರಾಮು ಇನ್ನೊಂದಕ್ಕೆ ಏನಾದರೂ ತಿಳಿಸಬೇಕಾದರೆ ಸಿಗ್ನಲ್ ಕಳಿಸುತ್ತದೆ. ಭುಜ ತಟ್ಟಿದ ಹಾಗೆ, ಅಷ್ಟೇ. ಪ್ರತಿ ಸಿಗ್ನಲ್‌ಗೂ ಒಂದು ಹೆಸರಿದೆ, ಒಂದು ನಂಬರಿದೆ. ಹೆಸರು ಬಹುಮಟ್ಟಿಗೆ ಎಲ್ಲ ಯಂತ್ರಗಳಲ್ಲೂ ಒಂದೇ. ನಂಬರು ಹಾಗಲ್ಲ. ಹುಬ್ಬಳ್ಳಿಯ ಐದನೇ ನಂಬರ್ ಬಸ್ಸೂ ಬೆಳಗಾವಿಯ ಐದನೇ ನಂಬರ್ ಬಸ್ಸೂ ಒಂದೇ ಕಡೆ ಹೋಗಬೇಕೆಂದು ಯಾರು ಹೇಳಿದ್ದಾರೆ? ಬರೆಯುವವನು ಹೆಸರು ಬರೆದರೆ ಆಯಾ ಯಂತ್ರ ತನ್ನ ನಂಬರು ತಾನೇ ಹಾಕಿಕೊಳ್ಳುತ್ತದೆ. ಆ ಪುಣ್ಯಾತ್ಮ ಸಿಗ್ನಲ್ ಕೇಳಿಸಿಕೊಳ್ಳುವ ಕಡೆ ಹೆಸರು ಬರೆದು, ಕಳಿಸುವ ಕಡೆಯೆಲ್ಲ ಬರೀ ನಂಬರು ಬರೆದಿಟ್ಟಿದ್ದ. ರಿಪೋರ್ಟಿನ ಗುಂಡಿ ಹದಿನಾರು ಕಳಿಸುತ್ತಿತ್ತು. ಹಳೆಯ ಯಂತ್ರದಲ್ಲಿ ಹದಿನಾರೆಂದರೆ ಪ್ರೋಗ್ರಾಮು ತನಗೆ ಬೇಕಾದಂತೆ ಬಳಸಿಕೊಳ್ಳುವ ಸಿಗ್ನಲ್. ಹೊಸದರಲ್ಲಿ ಅದೇ ಕೆಲಸಕ್ಕೆ ಹತ್ತು. ಅಲ್ಲಿ ಹದಿನಾರು ಬೇರೆ ಏನೋ, ಬಂದರೆ ಪ್ರೋಗ್ರಾಮು ಸಾಯುತ್ತದೆ.

ಗುಂಡಿ ಸರಿಯಾಯಿತು. ಆದರೆ ನನಗೆ ಸಮಾಧಾನವಾಗಲಿಲ್ಲ. ಒಂದು ನಂಬರು ತಪ್ಪಿದ್ದರೆ ಉಳಿದವು? ಮೂಲೆಯಲ್ಲಿದ್ದ ಹಳೆಯ ಯಂತ್ರದ ಧೂಳು ಒರೆಸಿ, ಹೊಸದೊಂದರ ಪಕ್ಕಕ್ಕಿಟ್ಟು, ಎರಡರಲ್ಲೂ ಅದೇ ಪ್ರೋಗ್ರಾಮು ನಡೆಸಿದೆ. ಹೊಳೆಯ ಬದಲು ನಾನೇ ನೀರಿನ ಮಟ್ಟ ಕೊಡುತ್ತಿದ್ದೆ. ಆಮೇಲೆ ಒಂದೊಂದೇ ನಂಬರಿನ ಸಿಗ್ನಲ್ ಎರಡಕ್ಕೂ ಕಳಿಸಿ ಏನು ಮಾಡುತ್ತವೆಂದು ನೋಡುತ್ತ ಹೋದೆ. ಕೆಲವಕ್ಕೆ ಎರಡೂ ಸತ್ತವು. ಕೆಲವಕ್ಕೆ ಎರಡೂ ಕಿವಿಗೊಡಲಿಲ್ಲ. ಕೆಲವಕ್ಕೆ ಒಂದು ಸತ್ತು ಒಂದು ಬದುಕಿತು. ಸರ್ ನೋಡಿ, "ಏನ್ರೀ ಬಾಯಾರ, ಮಶೀನ ಸಾಯಸೂ ಆಟಾ ನಡದೇತೇನು?" ಎಂದು ಹೋದರು. ನನಗೂ ಅದು ಸ್ವಲ್ಪ ಆಟದಂತೆಯೇ ಇತ್ತು.

ಹತ್ತೊಂಬತ್ತು ಕಳಿಸಿದೆ. ಹಳೆಯ ಯಂತ್ರ, ಕರೆಂಟು ಹೋಗಿದೆ, ಬ್ಯಾಟರಿಯ ಮೇಲೆ ಹೊಳೆ ನೋಡುತ್ತಿದ್ದೇನೆ ಎಂದು ಪರದೆಯ ಮೇಲೆ ಬರೆಯಿತು. ಹೊಸದು ಏನೂ ಹೇಳಲಿಲ್ಲ, ಸಾಯಲೂ ಇಲ್ಲ. ಪರದೆಯ ಮೇಲೆ ನೀರಿನ ಮಟ್ಟ ಇದ್ದ ಹಾಗೇ ಇತ್ತು, ದೀಪದ ಜಾಗದಲ್ಲಿ ಹಸಿರು. ಕಿವಿಗೆ ಹಾಕಿಕೊಳ್ಳಲಿಲ್ಲ ಅಂದುಕೊಂಡೆ. ನೀರಿನ ಮಟ್ಟ ಏರಿಸಿದೆ. ಹಳೆಯದರಲ್ಲಿ ಏರಿತು. ಹೊಸದರಲ್ಲಿ ಅಂಕಿ ಅಲ್ಲಾಡಲಿಲ್ಲ. ಇನ್ನೂ ಏರಿಸಿದೆ. ಹಳೆಯದು ಕೆಂಪಾಗಿ ಬೊಬ್ಬೆ ಹೊಡೆಯಿತು. ಹೊಸದರಲ್ಲಿ ಅದೇ ಶಾಂತ ಹೊಳೆ, ಅದೇ ಹಸಿರು.

ಹೊಸ ಯಂತ್ರದಲ್ಲಿ ಹತ್ತೊಂಬತ್ತು ಅಂದರೆ ನಿಲ್ಲು. ಇದ್ದಲ್ಲಿ ಇದ್ದ ಹಾಗೆ ನಿಲ್ಲು. ಆ ಸಿಗ್ನಲ್ಲನ್ನು ಯಾವ ಪ್ರೋಗ್ರಾಮೂ ಬೇಡವೆನ್ನುವ ಹಾಗಿಲ್ಲ. ಖಾನಾಪುರದ ಬ್ಯಾಟರಿ ಡಬ್ಬಿ ಹಳೆಯ ರೂಢಿಯಂತೆ, ಕರೆಂಟು ಹೋದ ಕ್ಷಣ, ಹತ್ತೊಂಬತ್ತನ್ನೇ ಕಳಿಸುತ್ತದೆ. ಅಣ್ಣ ಕೆಳಗೆ ಇಳಿಯುವುದೂ ಅದೇ ಕ್ಷಣಕ್ಕೆ. ಗೋಡೆಯ ದೀಪ ಹಸಿರಾಗಿಯೇ ಇರುತ್ತದೆ, ಏಕೆಂದರೆ ಕೆಂಪಾಗು ಎಂದು ಅದಕ್ಕೆ ಹೇಳಬೇಕಾದವನು ಕಣ್ಣು ತೆರೆದುಕೊಂಡೇ ಕಲ್ಲಾಗಿರುತ್ತಾನೆ.

ಶಹಾಪುರದಲ್ಲಿ ಕರೆಂಟಿತ್ತು, ಮಗ್ಗ ನಡೆದಿದ್ದವು. ಕಿಟಕಿಯಾಚೆ ಮಧ್ಯಾಹ್ನವೇ ಸಂಜೆಯಂತಾಗಿ ಮಳೆ ಸುರಿಯುತ್ತಿತ್ತು. ಇಲ್ಲಿ ಇಷ್ಟಾದರೆ ಕಣಕುಂಬಿಯಲ್ಲಿ ಎಷ್ಟು? ಸರ್ ಅವರ ಮೇಜಿನ ಫೋನು ಕೇಳದೆಯೇ ಎಳೆದುಕೊಂಡು ಪಂಪ್‌ಹೌಸ್‌ಗೆ ಹಚ್ಚಿದೆ. ಎತ್ತಿದವರು ಅಣ್ಣನ ಹೊಸ ಜೊತೆಗಾರರು. ಘಟಪ್ರಭಾ ದಂಡೆಯ ಇನ್ನೊಂದು ಪಂಪ್‌ಹೌಸ್‌ನಿಂದ ಆ ವಾರವಷ್ಟೇ ವರ್ಗವಾಗಿ ಬಂದಿದ್ದ ಹಿರಿಯರು.

"ಕರೆಂಟ ಐತೇನ್ರೀ ಕಾಕಾ?"

"ಇಲ್ರೀ ಅಕ್ಕಾರ, ಈಗ ಹೋತು. ನಿಮ್ಮ ಅಣ್ಣಾರ ಇಳದಾರ."

"ದೀಪ?"

"ಹಸರ ಐತ್ರೀ. ಏನ ಕಾಳಜಿ ಇಲ್ಲ."

"ಆ ದೀಪ ಸುಳ್ಳರೀ! ಕಾಕಾ, ಕಾಲ ಬೀಳ್ತೀನಿ, ಅಂವನ್ನ ಮ್ಯಾಲ ಕರೀರಿ. ಈಗಿಂದೀಗ ಕರೀರಿ!"

ಹಸಿರು ದೀಪ ಕಣ್ಣೆದುರಿಗೆ ಉರಿಯುತ್ತಿರುವಾಗ ಬೆಳಗಾವಿಯಿಂದ ಒಬ್ಬ ಹುಡುಗಿ ಚೀರಾಡಿದರೆ ಯಾರು ನಂಬುತ್ತಾರೆ? ಅವರು ನಂಬಿದರು, ಅದಕ್ಕೆ ಇಂದಿಗೂ ಕೈಮುಗಿಯುತ್ತೇನೆ. ಫೋನು ಕೆಳಗಿಟ್ಟು ಹೋದ ಸದ್ದು ಕೇಳಿಸಿತು. ಕಾಲುವೆಯೊಳಗಿನ ಮನುಷ್ಯನಿಗೆ ಕೂಗಿದರೆ ಕೇಳುವುದಿಲ್ಲ, ನೀರಿನ ಸದ್ದು ಅಷ್ಟಿರುತ್ತದೆ. ಹಗ್ಗ ಜಗ್ಗಿಯೇ ಹೇಳಬೇಕು. ಅವರು ಮರಳಿ ಬಂದರು.

"ಜಗ್ಗೀನ್ರೀ. ಅವರೂ ತಿರಗಿ ಜಗ್ಗಿದ್ರು. ಬರ್ತಾರ."

"ಬಂದ ಮ್ಯಾಲ ಅಂವನ ಕೈಯಾಗ ಫೋನ ಕೊಡ್ರಿ. ನಾ ಹಿಡಕೊಂಡ ಇರ್ತೀನಿ."

ಹಿಡಿದುಕೊಂಡೇ ಇದ್ದೆ. ಫೋನಿನಲ್ಲಿ ಹೊಳೆಯ ಮೊರೆತ ಕೇಳುತ್ತಿತ್ತು. ಅದು ಜೋರಾಗುತ್ತಿದೆಯೋ ನನ್ನ ಕಿವಿಯೇ ಹಾಗಾಗಿದೆಯೋ ತಿಳಿಯಲಿಲ್ಲ. ಅಣ್ಣನ ದನಿ ಬರಲಿಲ್ಲ. ಒಮ್ಮೆಲೇ ಲೈನು ಕಟ್ಟಾಯಿತು. ಮತ್ತೆ ಹಚ್ಚಿದೆ, ಮತ್ತೆ, ಮತ್ತೆ. ಸತ್ತ ಫೋನು. ಕೊಡೆಯನ್ನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದು ಓಡಿದೆ.

ಆ ಬಸ್ಸಿನ ಪ್ರಯಾಣ ನನ್ನ ಶತ್ರುವಿಗೂ ಬೇಡ. ಕಿಟಕಿಯ ಪಕ್ಕದ ಹೆಂಗಸು, "ಯಾಕವಾ, ಜ್ವರಾ ಬಂದಾವೇನ?" ಎಂದು ಹಣೆ ಮುಟ್ಟಿದಳು. ಅವರು ಬರ್ತಾರ ಅಂದರಲ್ಲ, ಬಂದಿರುತ್ತಾನೆ, ಎಂದು ನನಗೆ ನಾನೇ ಹೇಳಿಕೊಂಡೆ. ಬಂದಿದ್ದರೆ ಫೋನಿಗೆ ಯಾಕೆ ಬರಲಿಲ್ಲ? ಏಣಿ ಹತ್ತಲು ಎಷ್ಟು ಹೊತ್ತು ಬೇಕು? ಎದುರಿನ ದಾರಿ ಮಳೆಯಲ್ಲಿ ಕಾಣುತ್ತಿರಲಿಲ್ಲ. ಡ್ರೈವರು ನಿಧಾನ ಮಾಡಿದಾಗಲೆಲ್ಲ ಅವನ ಮೇಲೆ ಹಲ್ಲು ಕಡಿದೆ. ವೈನಿಗೆ ಏನು ಹೇಳಲಿ? ಮನೆಯಲ್ಲಿ ಬಲ್ಬು ಆರಿರುತ್ತದೆ, ಅವಳು ಅದನ್ನೇ ನೋಡುತ್ತ ಕೂತಿರುತ್ತಾಳೆ. ಗಂಡನ ತಂಗಿಯ ಆಫೀಸಿನವರೇ ಕೂರಿಸಿದ ಯಂತ್ರ ಎಂದು ಅವಳು ಧೈರ್ಯವಾಗಿದ್ದಳು.

ಖಾನಾಪುರದಲ್ಲಿ ಇಳಿದು ಕೆಸರಲ್ಲಿ ಓಡಿದೆ. ಪಂಪ್‌ಹೌಸ್‌ನ ಬಾಗಿಲಲ್ಲಿ ಇಬ್ಬರು ಜಗಳಾಡುತ್ತಿದ್ದರು. ಒಬ್ಬರು ಫೋನಿನಲ್ಲಿ ಮಾತಾಡಿದ ಕಾಕಾ. ಇನ್ನೊಬ್ಬ ಅಣ್ಣ. ಒದ್ದೆ ಮೈ, ಸೊಂಟದಲ್ಲಿ ಹಗ್ಗ. ನಾನು ಓಡಿ ಹೋಗಿ ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಏನಾತ ತಂಗಿ? ಯಾರರ ಹ್ವಾದ್ರೇನು?" ಎಂದು ಅಣ್ಣ ಎಂದಿನಂತೆ ಛೇಡಿಸಿದ.

ಒಳಗೆ ಹೋಗಿ ನೋಡಿದೆ. ದೀಪ ಹಸಿರಾಗಿ ಉರಿಯುತ್ತಿತ್ತು. ಪರದೆಯ ಮೇಲೆ ಹೊಳೆ ಶಾಂತವಾಗಿತ್ತು. ಹೊರಗೆ ಬಂದು ಬಾವಿಗೆ ಬಗ್ಗಿದೆ. ಕಾಲುವೆ ಕಾಣಲಿಲ್ಲ. ಅದರ ಮುಚ್ಚಿಗೆ ಮುಳುಗಿ ಕೆಂಪು ನೀರು ಏಣಿಯ ಅರ್ಧ ನುಂಗಿತ್ತು.

ಜಗಳ ಇನ್ನೂ ನಿಂತಿರಲಿಲ್ಲ. "ಎರಡ ಸಲ ಜಗ್ಗಿದ್ರ ಮ್ಯಾಲ ಬಾ ಅಂತ್ರೀ. ನಮ್ಮ ಕಡೆ ಎಲ್ಲಾ ಹಂಗ," ಎಂದರು ಕಾಕಾ.

"ನಿಮ್ಮ ಕಡೆ ಇರಬೌದ್ರೀ! ಇಲ್ಲಿ ಎರಡ ಅಂದ್ರ ಎಲ್ಲಾ ಬರೋಬರಿ ಐತಿ, ಕೆಲಸಾ ಮಾಡ ಅಂತ. ಮ್ಯಾಲ ಬಾ ಅನ್ನಾಕ ಮೂರ ಜಗ್ಗಬೇಕು. ನೀವು ಎರಡ ಜಗ್ಗಿದ್ರಿ, ನಾ ಆತು ಅಂತ ತಿರಗಿ ಎರಡ ಜಗ್ಗಿದೆ."

ನಾನು ಕೇಳುತ್ತ ನಿಂತೆ. ನನ್ನ ಕೂಗು ಶಹಾಪುರದಿಂದ ಹೊರಟು, ಫೋನಿನಲ್ಲಿ ಬಂದು, ಒಬ್ಬ ಒಳ್ಳೆಯ ಮನುಷ್ಯನ ಕೈಯಿಂದ ಹಗ್ಗಕ್ಕಿಳಿದು, ಅಣ್ಣನ ಸೊಂಟ ಮುಟ್ಟುವಷ್ಟರಲ್ಲಿ ಇನ್ನೂ ಒಳಗೆ ಹೋಗು ಎಂದಾಗಿತ್ತು. ಕಾಕಾ ಕೂಡ ಬಾವಿಯನ್ನು ನೋಡುತ್ತಿದ್ದರು.

"ಮತ್ತ ನೀ ಹೆಂಗ ಬಂದಿ?" ಎಂದು ಕೇಳಿದೆ.

"ತಂಬಾಕ ಚೀಲಾ ಮ್ಯಾಲ ಇಟ್ಟಿದ್ದೆ. ನೆನಪಾತು, ಬಂದೆ." ನಕ್ಕ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೈಗೆ ಸಿಕ್ಕ ಒದ್ದೆ ಟವೆಲ್ಲಿನಿಂದ ಅವನ ಬೆನ್ನಿಗೆ ಬಾರಿಸಿದೆ, ಬಾರಿಸುತ್ತ ಅತ್ತೆ. ಕಾಕಾ ಮುಖ ತಿರುಗಿಸಿ ನಿಂತರು.

ಆಮೇಲಿನ ದಿನಗಳಲ್ಲಿ ನಾನು ಆ ಪ್ರೋಗ್ರಾಮನ್ನು ಬಿಡಿಸಿ ಹಾಕಿದೆ. ಒಂದೂ ನಂಬರು ಉಳಿಸಲಿಲ್ಲ, ಎಲ್ಲ ಕಡೆ ಹೆಸರು ಬರೆದೆ. ಬ್ಯಾಟರಿ ಡಬ್ಬಿಯೂ ಇನ್ನು ಹೆಸರು ಹಿಡಿದೇ ಕರೆಯುವಂತೆ ಮಾಡಿದೆ. ದೀಪದ ರೀತಿಯನ್ನೂ ಬದಲಿಸಿದೆವು. ಪ್ರೋಗ್ರಾಮು ಎಚ್ಚರವಿದ್ದೇನೆ ಎಂದು ಮೇಲಿಂದ ಮೇಲೆ ಹೇಳುತ್ತಿದ್ದರೆ ಮಾತ್ರ ಹಸಿರು, ಸುಮ್ಮನಾದರೆ ಕೆಂಪು. ಸರ್ ಈ ಸಲ ಸಿಹಿ ತರಿಸಲಿಲ್ಲ. ಬ್ಯಾಟರಿ ಡಬ್ಬಿಯ ವೈರನ್ನು ತಾವೇ ಖಾನಾಪುರಕ್ಕೆ ಬಂದು ಕಿತ್ತು, ಹಚ್ಚಿ, ಮತ್ತೆ ಕಿತ್ತು ನೋಡಿದರು. ಕಾಕಾ ಮೂರು ಜಗ್ಗುವುದನ್ನು ಪಂಪ್‌ಹೌಸ್‌ನ ಕಂಬಕ್ಕೆ ಹಗ್ಗ ಕಟ್ಟಿ ರೂಢಿ ಮಾಡಿಕೊಳ್ಳುತ್ತಿದ್ದುದನ್ನು ನಾನೇ ಕಂಡೆ.

ವೈನಿ ಒಂದೇ ಮಾತು ಕೇಳಿದಳು. "ಇನ್ನ ಆ ದೀಪ ನಂಬಬೇಕೋ, ಬ್ಯಾಡೋ? ಖರೇ ಹೇಳು."

"ನಂಬು," ಎಂದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೀರು ಇಳಿದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ರಜೆ ಹಾಕಿ ನಾನು ಪಂಪ್‌ಹೌಸ್‌ನಲ್ಲೇ ಕೂತಿದ್ದೆ. ಪರದೆಯ ಮೇಲೆ ಬರಬೇಕಾದ ಮಾತು ಬಂತು. ನೀರಿನ ಅಂಕಿ ಅಲ್ಲಾಡುತ್ತಿತ್ತು, ಪ್ರೋಗ್ರಾಮು ಬದುಕಿತ್ತು. ದೀಪ ಹಸಿರಿತ್ತು, ಖರೇ ಹಸಿರು. ಅಣ್ಣ ಹಗ್ಗ ಕಟ್ಟಿಕೊಂಡ.

"ಇವತ್ತ ಬ್ಯಾಡೋ ಅಣ್ಣಾ," ಎಂದೆ.

"ಬರದಾಕಿ ನೀನ ನಂಬಲಿಲ್ಲಂದ್ರ ನಾ ಏನ ನಂಬಲಿ?" ಎಂದು ಇಳಿದ. ಕಾಕಾ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟರು.

ಹಗ್ಗ ಸರಸರನೆ ಹೋಗಿ ನಿಂತಿತು. ಕೆಳಗೆ ನೀರಿನ ಸದ್ದು. ನಾನು ದೀಪ ನೋಡಿದೆ, ಪರದೆ ನೋಡಿದೆ. ಎಲ್ಲ ಸರಿಯಿತ್ತು. ನಾನು ಬರೆದ ಪ್ರತಿ ಸಾಲೂ ನನಗೆ ಬಾಯಿಪಾಠವಿತ್ತು, ಅದರಲ್ಲಿ ತಪ್ಪಿರಲಿಲ್ಲ. ಆದರೆ ನನಗೆ ಗೊತ್ತಿಲ್ಲದ ನಂಬರು ಇನ್ನೆಲ್ಲಿ ಅಡಗಿದೆಯೋ, ಯಾರಿಗೆ ಗೊತ್ತು? ಮೂರು ಸಲ ಜಗ್ಗಿದೆ.

ಅಣ್ಣ ದಡದಡನೆ ಏಣಿ ಹತ್ತಿ ಬಂದ, ಬಂದವನೇ ದೀಪದ ಕಡೆ ನೋಡಿದ.

"ಏನಾತು?"

"ಏನೂ ಆಗಿಲ್ಲ."

"ನೀರ ಬಂತೇನು?"

"ಇಲ್ಲ."

"ಮತ್ತ ಯಾಕ ಜಗ್ಗಿದಿ?"

"ಅಂಜಿಕಿ ಬಂತು," ಎಂದೆ. ಈಗ ನಗುತ್ತಾನೆ, ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ ಅಂದುಕೊಂಡೆ.

ಅವನು ನಗಲಿಲ್ಲ. ನನ್ನ ಪಕ್ಕಕ್ಕೆ ಬಂದು ಕೂತ, ಸೊಂಟದ ಗಂಟು ಬಿಚ್ಚತೊಡಗಿದ. ಒದ್ದೆ ಹಗ್ಗ ಬೇಗ ಬಿಚ್ಚಲಿಲ್ಲ.

"ಅವತ್ತ ತಂಬಾಕ ನೆನಪಾಗಿದ್ದಿಲ್ಲ, ತಂಗಿ," ಎಂದ. "ನನಗೂ ಅಂಜಿಕಿ ಬಂತು. ಯಾಕಂತ ಗೊತ್ತಿಲ್ಲ. ದೀಪ ಹಸರ ಇತ್ತು, ಹಗ್ಗಾನೂ ಬರೋಬರಿ ಐತಿ ಅಂತು. ಆದ್ರೂ ಅಂಜಿಕಿ ಬಂತು, ಏರಿ ಬಂದೆ. ನಿಮ್ಮ ವೈನಿಗೆ ಹೇಳಬ್ಯಾಡ."